ರೇಡಾನ್: ಸಿಸಿ ಅಂಕ ನಂಬಿ, ಎಂಐ ಅಂಕ ಎರಡು ಸಲ ನೋಡಿ

ಪೈಥಾನ್ ಕೋಡ್ ಎಲ್ಲೆಲ್ಲಿ ಸಿಕ್ಕಾಗಿದೆ ಎಂದು ಅಳೆದು ತೋರಿಸುವ ಟೂಲ್‌ಗಳಲ್ಲಿ ರೇಡಾನ್‌ನಷ್ಟು ಹಗುರವಾದದ್ದು ಕಡಿಮೆ. ಪಿಪ್‌ನಲ್ಲಿ ಒಂದು ಸಾಲು ಹೊಡೆದರೆ ಇನ್‌ಸ್ಟಾಲ್ ಆಯಿತು. ಸರ್ವರ್ ಬೇಡ, ಡೇಟಾಬೇಸ್ ಬೇಡ, ನಿಮ್ಮ ಕೋಡನ್ನು ರನ್ ಮಾಡುವುದೂ ಬೇಡ; ಫೈಲ್ ಓದಿ, ಸಿಂಟ್ಯಾಕ್ಸ್ ಟ್ರೀ ಕಟ್ಟಿ, ಎಣಿಸಿ ಕೊಡುತ್ತದೆ. ಸಿಕ್ಕು ಎಣಿಸುವ ಸಿಸಿ, ಫೈಲನ್ನು ನಿಭಾಯಿಸುವುದು ಎಷ್ಟು ಸುಲಭ ಎಂದು ಅಂಕ ಕೊಡುವ ಎಂಐ, ಸಾಲು ಎಣಿಸುವ ರಾ, ಹಾಲ್‌ಸ್ಟೆಡ್ ಲೆಕ್ಕ ಕೊಡುವ ಹಾಲ್ ಎಂದು ನಾಲ್ಕು ಕಮಾಂಡ್‌ಗಳಿವೆ. ಸಿಸಿ ಒಂದಕ್ಕಾಗಿಯೇ ಇದನ್ನು ಇಟ್ಟುಕೊಳ್ಳಬಹುದು. ಎಂಐ ಕೊಡುವ ಅಂಕವನ್ನು ಮಾತ್ರ ಕಣ್ಣುಮುಚ್ಚಿ ರಿಪೋರ್ಟ್‌ಗೆ ಹಾಕಬಾರದು.

ಸಿಸಿ ಅಂದರೆ ಥಾಮಸ್ ಮೆಕೇಬ್ 1976ರಲ್ಲಿ ಮುಂದಿಟ್ಟ ಸೈಕ್ಲೋಮ್ಯಾಟಿಕ್ ಕಾಂಪ್ಲೆಕ್ಸಿಟಿ, ಕೋಡ್ ಎಷ್ಟು ಕಡೆ ಕವಲೊಡೆಯುತ್ತದೆ ಎಂಬ ಎಣಿಕೆ. ಪ್ರತಿ ಫಂಕ್ಷನ್‌ಗೂ ಎಣಿಕೆ 1ರಿಂದ ಶುರು. ಇಫ್, ಎಲಿಫ್, ಫಾರ್, ವೈಲ್, ಎಕ್ಸೆಪ್ಟ್ ಬಂದಾಗಲೆಲ್ಲ ಒಂದೊಂದು ಸೇರುತ್ತದೆ. ಇಫ್‌ನ ಎಲ್ಸ್‌ಗೆ, ಫೈನಲಿಗೆ ಏನೂ ಇಲ್ಲ. ಷರತ್ತಿನೊಳಗಿನ ಆಂಡ್, ಆರ್‌ಗಳಿಗೂ ಒಂದೊಂದು ಅಂಕ ಇದೆ ಎಂಬುದನ್ನು ಹಲವರು ಮರೆಯುತ್ತಾರೆ. ಹಾಗಾಗಿ ಒಂದೇ ಸಾಲಿನ ಇಫ್‌ನಲ್ಲಿ ಒಂದು ಆಂಡ್, ಒಂದು ಆರ್ ಇದ್ದರೆ ಆ ಸಾಲಿಗೇ 3. ಲಿಸ್ಟ್ ಕಾಂಪ್ರಹೆನ್ಷನ್‌ಗೆ 1, ಅದರೊಳಗಿನ ಪ್ರತಿ ಇಫ್‌ಗೆ ಮತ್ತೆ 1. ಅಸರ್ಟ್ ಕೂಡ ಲೆಕ್ಕಕ್ಕೆ ಬರುತ್ತದೆ, ಬೇಡವಾದರೆ ಅದನ್ನು ಬಿಡಿಸುವ ಫ್ಲ್ಯಾಗ್ ಇದೆ. ಟೆಸ್ಟ್ ಫೋಲ್ಡರ್ ಅಳೆಯುವಾಗ ಇದನ್ನು ಹಾಕದಿದ್ದರೆ ನೇರವಾದ ಟೆಸ್ಟ್‌ಗಳೂ ಕೆಟ್ಟ ದರ್ಜೆಗೆ ಇಳಿಯುತ್ತವೆ.

ದರ್ಜೆಗಳು ಹೀಗಿವೆ: 5ರವರೆಗೆ ಎ, 10ರವರೆಗೆ ಬಿ, 20ರವರೆಗೆ ಸಿ, 30ರವರೆಗೆ ಡಿ, 40ರವರೆಗೆ ಇ, ಅದಕ್ಕೂ ಮೇಲೆ ಎಫ್. ಮೆಕೇಬ್ ಹೇಳಿದ ಮಿತಿ 10, ಅಂದರೆ ಬಿ ದರ್ಜೆಯ ಅಂಚು. ಮೊದಲ ಸಲ ಓಡಿಸುವಾಗ ಎಲ್ಲವನ್ನೂ ತೋರಿಸಲು ಹೇಳಬೇಡಿ. ಮೈನಸ್ ಎಸ್ ಹಾಕಿದರೆ ದರ್ಜೆಯ ಪಕ್ಕ ಸಂಖ್ಯೆಯೂ ಬರುತ್ತದೆ. ಮೈನಸ್ ಎನ್ ಜೊತೆ ಸಿ ಎಂದು ಕೊಟ್ಟರೆ ಸಿ ಮತ್ತು ಅದಕ್ಕಿಂತ ಕೆಟ್ಟವು ಮಾತ್ರ ಉಳಿಯುತ್ತವೆ. ದೊಡ್ಡ ಪ್ರಾಜೆಕ್ಟ್‌ನಲ್ಲೂ ಆ ಪಟ್ಟಿ ಕೂತು ಓದುವಷ್ಟು ಚಿಕ್ಕದಾಗುತ್ತದೆ.

ಎಡವುವುದು ಇಲ್ಲೇ. ಸರಾಸರಿ ಕೇಳುವ ಮೈನಸ್ ಎ ಫ್ಲ್ಯಾಗನ್ನು ಈ ಫಿಲ್ಟರ್ ಜೊತೆಗೇ ಹಾಕಿದರೆ, ಪರದೆಯಲ್ಲಿ ಕಾಣುವ ಕೆಟ್ಟ ಫಂಕ್ಷನ್‌ಗಳ ಸರಾಸರಿ ಮಾತ್ರ ಬರುತ್ತದೆ. ಅದನ್ನೇ ಇಡೀ ಪ್ರಾಜೆಕ್ಟ್‌ನ ಅಂಕ ಎಂದುಕೊಂಡು ಗಾಬರಿ ಬೀಳುವುದುಂಟು. ಟೋಟಲ್ ಆವರೇಜ್ ಎಂಬ ಬೇರೆ ಫ್ಲ್ಯಾಗ್ ಇರುವುದು ಇದಕ್ಕೇ. ಎರಡನೆಯದು ಪ್ರಾಜೆಕ್ಟ್‌ಗೆ ಬೇಕಾದ ಲೈಬ್ರರಿಗಳು ಕೂರುವ ವರ್ಚುವಲ್ ಎನ್ವಿರಾನ್ಮೆಂಟ್ ಫೋಲ್ಡರ್. ಚುಕ್ಕಿಯಿಂದ ಶುರುವಾಗುವ ಫೋಲ್ಡರ್‌ಗಳನ್ನು ರೇಡಾನ್ ತಾನಾಗಿಯೇ ಬಿಡುತ್ತದೆ, ಚುಕ್ಕಿ ಇಲ್ಲದಿದ್ದರೆ ಒಳಗೆ ನುಗ್ಗಿ ಲೈಬ್ರರಿಗಳನ್ನೆಲ್ಲ ಅಳೆದು ಹಾಕುತ್ತದೆ. ಮೈನಸ್ ಐ ಜೊತೆ ಆ ಫೋಲ್ಡರ್ ಹೆಸರು ಕೊಡಿ. ಮೂರನೆಯದು ಪೈಥಾನ್ ಆವೃತ್ತಿ. ರೇಡಾನ್ ತಾನು ಓಡುತ್ತಿರುವ ಪೈಥಾನ್‌ನ ಪಾರ್ಸರ್ ಅನ್ನೇ ಬಳಸುತ್ತದೆ. 3.10ರಲ್ಲಿ ಬಂದ ಮ್ಯಾಚ್ ಸ್ಟೇಟ್‌ಮೆಂಟ್ ಇರುವ ಫೈಲನ್ನು 3.9ರಲ್ಲಿ ಅಳೆದರೆ ಅಂಕದ ಬದಲು ಎರರ್ ಸಾಲು ಬರುತ್ತದೆ, ಆ ಫೈಲ್ ಲೆಕ್ಕದಿಂದಲೇ ಹೊರಗೆ. ನೂರಾರು ಸಾಲುಗಳ ಔಟ್‌ಪುಟ್‌ನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಹುಡುಕಿಯೇ ನೋಡಬೇಕು.

ಸಿಸಿಗೂ ಒಂದು ಕುರುಡುತನ ಇದೆ. ಒಂದರ ಕೆಳಗೊಂದು ನಾಲ್ಕು ಇಫ್ ಇಟ್ಟು, ಇನ್‌ಪುಟ್ ಸರಿ ಇಲ್ಲದಿದ್ದರೆ ಅಲ್ಲೇ ರಿಟರ್ನ್ ಆಗುವ ಫಂಕ್ಷನ್‌ಗೆ 5. ಫಾರ್ ಒಳಗೆ ಇಫ್, ಅದರೊಳಗೆ ಇನ್ನೊಂದು ಫಾರ್, ಅದರೊಳಗೆ ಮತ್ತೊಂದು ಇಫ್ ಇರುವ ಫಂಕ್ಷನ್‌ಗೂ 5. ಎರಡಕ್ಕೂ ಎ ದರ್ಜೆ! ಓದುವವರ ತಲೆಗೆ ಎರಡೂ ಒಂದೇ ಭಾರ ಅಲ್ಲ. ಸೋನಾರ್‌ಸೋರ್ಸ್ ಕಂಪನಿ ರೂಪಿಸಿದ ಕಾಗ್ನಿಟಿವ್ ಕಾಂಪ್ಲೆಕ್ಸಿಟಿಯಲ್ಲಿ ಆಳ ಹೆಚ್ಚಿದಂತೆ ಅಂಕವೂ ಹೆಚ್ಚುತ್ತದೆ: ಮೊದಲನೆಯದಕ್ಕೆ 4, ಎರಡನೆಯದಕ್ಕೆ 1, 2, 3, 4 ಕೂಡಿ 10. ರೇಡಾನ್‌ನಲ್ಲಿ ಇದು ಇಲ್ಲ, ಇದರ ದೊಡ್ಡ ಕೊರತೆಯೇ ಅದು.

ಇನ್ನು ಎಂಐ, ಅಂದರೆ ಮೇಂಟೇನೆಬಿಲಿಟಿ ಇಂಡೆಕ್ಸ್. ಹಾಲ್‌ಸ್ಟೆಡ್ ವಾಲ್ಯೂಮ್ (ಆಪರೇಟರ್‌ಗಳನ್ನೂ ಅವು ಕೆಲಸ ಮಾಡುವ ಮೌಲ್ಯಗಳನ್ನೂ ಎಣಿಸಿ ಅಳೆಯುವ ಗಾತ್ರ), ಸಿಸಿ, ಸಾಲುಗಳ ಸಂಖ್ಯೆ, ಕಾಮೆಂಟ್‌ಗಳ ಪ್ರಮಾಣ, ಈ ನಾಲ್ಕನ್ನೂ ಒಂದು ಸೂತ್ರಕ್ಕೆ ಹಾಕಿ ಫೈಲಿಗೆ 0ರಿಂದ 100ರೊಳಗೆ ಅಂಕ ಕೊಡುತ್ತದೆ. 20 ಮತ್ತು ಮೇಲೆ ಎ, 10ರಿಂದ 19 ಬಿ, ಕೆಳಗೆ ಸಿ. ಒಂದು ಫೈಲ್ ತೆಗೆದುಕೊಳ್ಳಿ: 300 ಸಾಲು ಕೋಡ್, ವಾಲ್ಯೂಮ್ 4000, ಸಿಸಿ 40, ಕಾಮೆಂಟ್ ಒಂದೂ ಇಲ್ಲ. ಅಂಕ ಸುಮಾರು 15, ಬಿ ದರ್ಜೆ. ಕೋಡ್ ಮುಟ್ಟದೆ 30 ಸಾಲು ಕಾಮೆಂಟ್ ಸೇರಿಸಿ. ಅಂಕ ಸುಮಾರು 33ಕ್ಕೆ ಏರಿ ಎ ದರ್ಜೆ! ಕಾಮೆಂಟ್‌ನಲ್ಲಿ ಏನು ಬರೆದಿದೆ ಎಂದು ಸೂತ್ರ ಕೇಳುವುದಿಲ್ಲ. ಬಳಕೆಯಲ್ಲಿಲ್ಲದ ಹಳೆ ಕೋಡನ್ನು ಕಾಮೆಂಟ್ ಮಾಡಿಟ್ಟರೂ ಫೈಲ್ ‘ಸುಧಾರಿಸುತ್ತದೆ’. ಡಾಕ್‌ಸ್ಟ್ರಿಂಗ್ ಮೊದಲಾದ ಬಹುಸಾಲಿನ ಸ್ಟ್ರಿಂಗ್‌ಗಳನ್ನೂ ಕಾಮೆಂಟ್ ಎಂದೇ ಎಣಿಸುತ್ತದೆ. ಅದು ಬೇಡವಾದರೆ ಮೈನಸ್ ಎಂ ಹಾಕಿ.

ಇದಕ್ಕಿಂತ ಆಳದ ತೊಂದರೆ ಹಾಲ್‌ಸ್ಟೆಡ್ ಲೆಕ್ಕದಲ್ಲಿದೆ. ರೇಡಾನ್ ಆಪರೇಟರ್ ಎಂದು ಎಣಿಸುವುದು ಗಣಿತ, ಹೋಲಿಕೆ, ಬೂಲಿಯನ್ ಚಿಹ್ನೆಗಳನ್ನು. ಫಂಕ್ಷನ್ ಕಾಲ್‌ಗಳನ್ನೂ ಸಾದಾ ಅಸೈನ್‌ಮೆಂಟನ್ನೂ ಅಲ್ಲ. ಬರೀ ಕಾಲ್‌ಗಳೇ ತುಂಬಿದ 500 ಸಾಲಿನ ಫೈಲಿಗೆ ವಾಲ್ಯೂಮ್ ಸೊನ್ನೆ. ವಾಲ್ಯೂಮ್ ಸೊನ್ನೆಯಾದರೆ ಸೂತ್ರಕ್ಕೇ ಹೋಗದೆ ನೇರವಾಗಿ 100 ಕೊಟ್ಟುಬಿಡುತ್ತದೆ. 100 ಅಂಕ ಬಂದ ಫೈಲುಗಳನ್ನು ಕೆಟ್ಟವುಗಳಷ್ಟೇ ಗಮನವಿಟ್ಟು ತೆರೆದು ನೋಡಬೇಕಾಗುವುದು ಈ ಕಾರಣಕ್ಕೆ.

ಕೋಡ್ ಬದಲಾದಾಗಲೆಲ್ಲ ತಾನಾಗಿ ಬಿಲ್ಡ್, ಟೆಸ್ಟ್ ಓಡಿಸುವ ಸಿಐ ಪೈಪ್‌ಲೈನ್‌ಗೆ ಕಟ್ಟುವುದಾದರೆ ರೇಡಾನ್ ಮೇಲೆಯೇ ನಿಂತಿರುವ ಝೆನಾನ್ ಬೇಕು. ಒಂದು ಫಂಕ್ಷನ್‌ಗೆ, ಒಂದು ಮಾಡ್ಯೂಲ್‌ಗೆ, ಒಟ್ಟು ಸರಾಸರಿಗೆ ಎಂದು ಮೂರು ಮಿತಿ ಇಡಬಹುದು, ಮೀರಿದರೆ ಬಿಲ್ಡ್ ಫೇಲ್ ಆಗುತ್ತದೆ. ಹಳೆ ಪ್ರಾಜೆಕ್ಟ್‌ಗೆ ಮೊದಲ ದಿನವೇ ಬಿ ಮಿತಿ ಇಟ್ಟರೆ ಯಾರ ಬಿಲ್ಡೂ ದಾಟುವುದಿಲ್ಲ, ಆ ಸ್ಟೆಪ್ಪನ್ನೇ ಯಾರೋ ತೆಗೆದುಹಾಕುತ್ತಾರೆ. ಈಗಿರುವ ಅತಿ ಕೆಟ್ಟ ದರ್ಜೆಯನ್ನೇ ಮಿತಿಯಾಗಿಟ್ಟು ಒಂದೊಂದೇ ಮೆಟ್ಟಿಲು ಬಿಗಿ ಮಾಡಿ. ಮಿತಿ ದಾಟಿಸಲೆಂದೇ 45 ಅಂಕದ ಫಂಕ್ಷನನ್ನು ಭಾಗ ಒಂದು, ಭಾಗ ಎರಡು ಎಂದು ಐದು ತುಂಡು ಮಾಡುವವರಿದ್ದಾರೆ. ಪ್ರತಿ ತುಂಡೂ 1ರಿಂದ ಎಣಿಕೆ ಶುರು ಮಾಡುವುದರಿಂದ ಒಟ್ಟು ಮೊತ್ತ ಇಳಿಯುವ ಬದಲು ಏರುತ್ತದೆ. ತುಂಡಿಗೆ ಅದರ ಕೆಲಸ ಹೇಳುವ ಹೆಸರು ಸಿಗದಿದ್ದರೆ ಕತ್ತರಿಸಿದ ಜಾಗ ತಪ್ಪು ಎಂದೇ ಲೆಕ್ಕ.

ಯಾವುದನ್ನು ಮೊದಲು ರಿಪೇರಿ ಮಾಡಬೇಕು ಎಂಬುದಕ್ಕೆ ಸಿಸಿ ಪಟ್ಟಿ ಅರ್ಧ ಉತ್ತರ. ಉಳಿದರ್ಧ ಕೋಡಿನ ಬದಲಾವಣೆಗಳ ದಾಖಲೆಯಾದ ಗಿಟ್ ಲಾಗ್‌ನಲ್ಲಿದೆ: ಕಳೆದ ಆರು ತಿಂಗಳಲ್ಲಿ ಯಾವ ಫೈಲ್ ಎಷ್ಟು ಕಮಿಟ್‌ಗಳಲ್ಲಿ ಬದಲಾಗಿದೆ ಎಂದು ಎಣಿಸಿ, ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಡಿ. ಎಫ್ ದರ್ಜೆಯ ಫಂಕ್ಷನ್ ವರ್ಷಗಟ್ಟಲೆ ಯಾರೂ ಮುಟ್ಟದೆ ಸರಿಯಾಗಿ ಓಡುತ್ತಿದ್ದರೆ ಅದು ಕಾಯಬಹುದು. ವಾರಕ್ಕೆರಡು ಸಲ ತಿದ್ದುತ್ತಿರುವ ಡಿ ದರ್ಜೆಯ ಫಂಕ್ಷನ್ ಕಾಯಬಾರದು; ಮೊದಲು ಅದಕ್ಕೆ ಟೆಸ್ಟ್ ಬರೆದು, ಆಮೇಲೆ ಕೈ ಹಚ್ಚಿ.