ಎಂಜಿನ್ ಕವರುಗಳನ್ನು ಬಫಿಂಗ್ ಅಂಗಡಿಗೆ ಕೊಡುವ ಮೊದಲು: ಕಾಸ್ಟಿಕ್ ತೊಟ್ಟಿ ಮತ್ತು ಲ್ಯಾಕರ್ ಬಗ್ಗೆ ಎಚ್ಚರಿಕೆ

ಹಳೆಯ ಬೈಕುಗಳಾದ ಜಾವಾ, ಯೆಜ್ಡಿ, ಬುಲೆಟ್‌ಗಳನ್ನು ಜೋಪಾನ ಮಾಡಿಕೊಂಡಿರುವವರು, ಅದರಲ್ಲೂ ಕರಾವಳಿಯಲ್ಲಿರುವವರು, ಅಲ್ಯೂಮಿನಿಯಮ್ ಎಂಜಿನ್ ಕವರುಗಳಿಗೆ ಪಾಲಿಶ್ ಮಾಡಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ ಮುಂದುವರಿಯಿರಿ. ಒಂದೇ ವಾರದ ಅವಸರದಲ್ಲಿ ನಾನು ಕಳೆದುಕೊಂಡದ್ದನ್ನು ಸರಿಪಡಿಸಲು ಒಂದು ವರ್ಷವೂ ಸಾಕಾಗಿಲ್ಲ.

ಗಾಡಿ ನಮ್ಮ ತಂದೆಯವರು 1986ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್. ಇದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಹಾಗಾಗಿ ಅಲ್ಲಿನ ಎರಕದ ಕವರೊಂದು ಹಾಳಾದರೆ ಅಂಥದ್ದೇ ಇನ್ನೊಂದನ್ನು ಗುಜರಿಯಲ್ಲೇ ಹುಡುಕಬೇಕು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನಕ್ಕೆಂದು ಗಾಡಿಗಳವರು ಒಟ್ಟು ಸೇರುವುದು ನಿಮಗೆ ಗೊತ್ತೇ ಇದೆ. ಅಷ್ಟರೊಳಗೆ ಗಾಡಿ ಕನ್ನಡಿಯಂತೆ ಹೊಳೆಯಬೇಕೆಂಬ ಆಸೆಯಿಂದ ಕಳೆದ ವರ್ಷದ ಜೂನ್‌ನಲ್ಲಿ ಎರಡೂ ಬದಿಯ ಕವರುಗಳನ್ನು ಬಿಚ್ಚಿ ತಿರುಗುವ ಚಕ್ರಕ್ಕೆ ಲೋಹವನ್ನು ಒತ್ತಿ ಹೊಳಪು ಬರಿಸುವ ಒಂದು ಬಫಿಂಗ್ ಅಂಗಡಿಗೆ ಕೊಟ್ಟೆ. ಮೆಟ್ಟಿಲಿನ ಸ್ಟೀಲ್ ಕಂಬಿ, ಕಿಟಕಿಯ ಗ್ರಿಲ್, ದೇವಸ್ಥಾನದ ಹಿತ್ತಾಳೆ ದೀಪ ಎಲ್ಲವನ್ನೂ ಅಲ್ಲಿ ಪಾಲಿಶ್ ಮಾಡುತ್ತಿದ್ದರು. ಅಲ್ಯೂಮಿನಿಯಮ್ ಎರಕವನ್ನು ಮಾಡಿ ಅನುಭವವಿದೆಯೇ ಎಂದು ನಾನು ಕೇಳಲಿಲ್ಲ. ನನ್ನ ಮೊದಲ ತಪ್ಪು ಅದೇ.

ಮರುದಿನ ನೋಡಲು ಹೋದಾಗ ಕವರುಗಳು ಬಿಸಿ ಕಾಸ್ಟಿಕ್ ಸೋಡಾ ನೀರಿನ ತೊಟ್ಟಿಯಲ್ಲಿ ಮುಳುಗಿದ್ದವು, ಮೇಲೆ ಬುಳುಬುಳನೆ ಗುಳ್ಳೆಗಳು ಏಳುತ್ತಿದ್ದವು. ಹಳೆಯ ಎಣ್ಣೆ ಜಿಡ್ಡನ್ನೂ ಲ್ಯಾಕರನ್ನೂ (ಲೋಹದ ಮೇಲೆ ಹೊಡೆಯುವ ಪಾರದರ್ಶಕ ಲೇಪ) ತೆಗೆಯಲು ಹೀಗೆಯೇ ಮಾಡುವುದು ಎಂದರು. ಕಬ್ಬಿಣಕ್ಕೆ ಅದು ನಡೆಯುತ್ತದೆ. ಅಲ್ಯೂಮಿನಿಯಮ್‌ನ ಸ್ವಭಾವವೇ ಬೇರೆ. ಗಾಳಿ ತಾಗಿದ ಕೂಡಲೇ ಈ ಲೋಹದ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರವೊಂದು ತಾನಾಗಿ ಕಟ್ಟಿಕೊಳ್ಳುತ್ತದೆ, ಅದರ ನಿಜವಾದ ರಕ್ಷಣೆ ಆ ಪದರವೇ. ಹುಳಿ, ಕ್ಷಾರಗಳನ್ನು ಅಳೆಯುವ ಮಾಪನದಲ್ಲಿ ಸುಮಾರು 4ರಿಂದ 8.5ರವರೆಗಿನ ಪಿಎಚ್‌ನಲ್ಲಿ ಮಾತ್ರ ಆ ಪದರ ಗಟ್ಟಿಯಾಗಿ ನಿಲ್ಲುತ್ತದೆ. ತೀರಾ ಹುಳಿಯಾದ ದ್ರವವೂ ಅದನ್ನು ಕರಗಿಸುತ್ತದೆ, ತೀರಾ ಕ್ಷಾರವಾದ ದ್ರವವೂ ಕರಗಿಸುತ್ತದೆ. ತೀವ್ರ ಕ್ಷಾರವಾದ ಕಾಸ್ಟಿಕ್ ಸೋಡಾ ಆ ಪದರವನ್ನು ಕರಗಿಸಿ ಕೆಳಗಿನ ಲೋಹವನ್ನೇ ತಿನ್ನತೊಡಗುತ್ತದೆ. ನಾನು ಕೊಳೆ ಏಳುತ್ತಿದೆ ಎಂದುಕೊಂಡಿದ್ದ ಗುಳ್ಳೆಗಳು ಹೈಡ್ರೋಜನ್ ಅನಿಲದವು. ಅಂದರೆ ನನ್ನ ಕಣ್ಣೆದುರೇ ಕವರು ಸವೆಯುತ್ತಿತ್ತು.

ಹೊರತೆಗೆದಾಗ ಕವರುಗಳು ಕಾಡಿಗೆಯಂತೆ ಕಪ್ಪಾಗಿದ್ದವು. ಎರಕದ ಅಲ್ಯೂಮಿನಿಯಮ್‌ನಲ್ಲಿ ಸಿಲಿಕಾನ್ ಬೆರೆತಿರುತ್ತದೆ, ಸ್ವಲ್ಪ ಕಬ್ಬಿಣ ಮತ್ತು ತಾಮ್ರವೂ ಇರಬಹುದು. ಇವು ಕಾಸ್ಟಿಕ್‌ಗೆ ಕರಗದೆ ಮೇಲೆ ಕಪ್ಪು ಮಸಿಯಾಗಿ ಉಳಿದುಬಿಡುತ್ತವೆ. ಆ ಮಸಿ ಹೋಗಲೆಂದು ಅವರು ಕವರನ್ನು ಚಕ್ರಕ್ಕೆ ಬಲವಾಗಿ ಒತ್ತಿ ಹಿಡಿದರು. ಎರಕದಲ್ಲೇ ಉಬ್ಬಿ ಬಂದಿದ್ದ ಅಕ್ಷರಗಳ ಅಂಚು ಕರಗಿದ ಸಾಬೂನಿನಂತೆ ದುಂಡಗಾಯಿತು. ಎಣ್ಣೆ ಸೋರದಂತೆ ನಡುವೆ ಇಡುವ ತೆಳುವಾದ ಗ್ಯಾಸ್ಕೆಟ್ ಕೂರುವ ಸಮತಟ್ಟಾದ ಅಂಚೂ ಹೊರಬದಿಯಲ್ಲಿ ಸವೆದು ಇಳಿಜಾರಾಯಿತು. ಕಿಕ್ಕರಿಗೂ ಗೇರಿಗೂ ಒಂದೇ ಲಿವರ್ ಇರುವ ಬದಿಯ ಕವರಿನೊಳಗೆ ಎಣ್ಣೆ ಇರುತ್ತದೆ ಎಂಬುದು ಯೆಜ್ಡಿ ಇಟ್ಟುಕೊಂಡವರಿಗೆಲ್ಲ ತಿಳಿದ ವಿಷಯ. ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿದ ರಾತ್ರಿಯೇ ಕೆಳಗೆ ಎಣ್ಣೆಯ ಕಲೆ ಕಂಡಿತು. ಆ ಲಿವರಿನ ಶಾಫ್ಟ್ ಹೊರಬರುವ ರಂಧ್ರವನ್ನೂ ಕಾಸ್ಟಿಕ್ ತಿಂದು ಸಡಿಲ ಮಾಡಿದ್ದರಿಂದ ಅಲ್ಲಿಂದಲೂ ಜಿನುಗುತ್ತಿದೆ. ಹೊಳಪು ಕಡಿಮೆಯಾದರೆ ಮತ್ತೆ ತರಬಹುದು, ಹೋದ ಲೋಹವನ್ನು ತರುವುದು ಹೇಗೆ?

ಆ ಚಕ್ರದಿಂದ ಇನ್ನೂ ಒಂದು ಕೇಡಾಯಿತು. ಕಬ್ಬಿಣದ ಗ್ರಿಲ್‌ಗೆ ಬಳಸಿದ ಚಕ್ರವನ್ನೇ ಅಲ್ಯೂಮಿನಿಯಮ್‌ಗೂ ಬಳಸಿದರೆ ಕಬ್ಬಿಣದ ಸಣ್ಣ ಕಣಗಳು ಮೆತ್ತನೆಯ ಲೋಹದೊಳಗೆ ಕೂತುಬಿಡುತ್ತವೆ. ತೇವ ತಾಗಿದಾಗ ಅವು ತುಕ್ಕು ಹಿಡಿಯುವುದಷ್ಟೇ ಅಲ್ಲ, ಸುತ್ತಲಿನ ಅಲ್ಯೂಮಿನಿಯಮ್ ಕೊರೆದುಹೋಗುವಂತೆಯೂ ಮಾಡುತ್ತವೆ. ಮನೆಯಲ್ಲಿ ಸ್ಟೀಲ್ ವುಲ್ ಹಾಕಿ ಉಜ್ಜುವವರಿಗೂ ಇದೇ ಮಾತು. ಅಂಗಡಿಯವರ ಜೀವದ ದೃಷ್ಟಿಯಿಂದಲೂ ಇದನ್ನು ಹೇಳಬೇಕು: ಗಾಳಿಯಲ್ಲಿ ತೇಲುವ ಅಲ್ಯೂಮಿನಿಯಮ್ ಪುಡಿ ಹೊತ್ತಿಕೊಂಡು ಸ್ಫೋಟಿಸಬಲ್ಲದು, ಕಬ್ಬಿಣ ಉಜ್ಜುವಾಗ ಕಿಡಿ ಹಾರುತ್ತದೆ. ಎರಡು ಕೆಲಸವೂ ಒಂದೇ ಯಂತ್ರದಲ್ಲಿ ನಡೆಯಬಾರದು.

ಕೊನೆಗೆ ಅವರು ‘ಇನ್ನು ಪಾಲಿಶ್ ಮಾಡುವ ತಾಪತ್ರಯವೇ ಇಲ್ಲ ಸರ್’ ಎಂದು ಹೇಳಿ ಪಾರದರ್ಶಕ ಲ್ಯಾಕರ್ ಹೊಡೆದುಕೊಟ್ಟರು. ಭಾನುವಾರದ ಕೂಟದಲ್ಲಿ ಎಲ್ಲರೂ ಹೊಗಳಿದರು, ನಾನೂ ಹಿಗ್ಗಿದೆ. ನಮ್ಮ ಮನೆ ಕುಂದಾಪುರದ ಕಡಲಿಗೆ ಹತ್ತಿರ. ಮಳೆಗಾಲ ಮುಗಿಯುವ ಮುನ್ನವೇ ಲ್ಯಾಕರಿನ ಅಡಿಯಲ್ಲಿ ಬಿಳಿಯ, ಹುಳು ಹರಿದಂತಹ ಗೆರೆಗಳು ಕಾಣಿಸಿಕೊಂಡವು. ಕನ್ನಡಿಯಷ್ಟು ನುಣುಪಾದ ಮೈಯನ್ನು ಲ್ಯಾಕರ್ ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ. ಸ್ಕ್ರೂ ಕೂರುವ ಜಾಗದಲ್ಲೋ, ಕಲ್ಲು ಸಿಡಿದು ಚಕ್ಕೆ ಎದ್ದ ಜಾಗದಲ್ಲೋ ಉಪ್ಪಿನ ತೇವ ಒಳಸೇರಿದರೆ ತುಕ್ಕು ಲ್ಯಾಕರಿನ ಕೆಳಗೆ ದಾರಿ ಮಾಡಿಕೊಂಡು ಸಾಗುತ್ತದೆ. ಆಗ ಮೇಲಿನಿಂದ ಎಷ್ಟು ಉಜ್ಜಿದರೂ ಅದು ಕೈಗೆ ಸಿಗುವುದಿಲ್ಲ. ಸಿಲಿಂಡರಿನ ಹತ್ತಿರ ಬಿಸಿ ತಾಗುವ ಕಡೆ ಲ್ಯಾಕರ್ ಹಳದಿಗೂ ತಿರುಗಿತ್ತು. ಲೋಹವನ್ನು ಬರಿದಾಗಿಯೇ ಬಿಟ್ಟಿದ್ದರೆ ಅರ್ಧ ಗಂಟೆಯಲ್ಲಿ ಒರೆಸಿ ತೆಗೆಯಬಹುದಾಗಿದ್ದ ಮಂಕು, ಮುಚ್ಚಿಟ್ಟಿದ್ದರಿಂದ ಗುಳಿಯಾಗಿ ಇಳಿದಿತ್ತು. ಕಡಲತೀರದಲ್ಲಿ ಓಡುವ, ಕೈಯಿಂದ ಪಾಲಿಶ್ ಮಾಡಿದ ಕವರಿಗೆ ಲ್ಯಾಕರ್ ಬೇಡವೇ ಬೇಡ ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಈಗ ನಾನು ಅನುಸರಿಸುತ್ತಿರುವ ಕ್ರಮ ನಿಧಾನದ್ದು. ಜಿಡ್ಡನ್ನು ಸೀಮೆಎಣ್ಣೆಯಿಂದಲೋ ಡೀಸೆಲ್‌ನಿಂದಲೋ ತೆಗೆದು, ಸೌಮ್ಯವಾದ ಶಾಂಪೂ ನೀರಿನಲ್ಲಿ ತೊಳೆಯುತ್ತೇನೆ. ಹಳೆಯ ಲ್ಯಾಕರ್ ಇದ್ದರೆ, ಅಲ್ಯೂಮಿನಿಯಮ್‌ಗೆ ಆಗುತ್ತದೆಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿರುವ ಪೇಂಟ್ ರಿಮೂವರನ್ನು ಮಾತ್ರ ಗ್ಲೌಸ್ ಹಾಕಿಕೊಂಡು, ತೆರೆದ ಜಾಗದಲ್ಲಿ ಬಳಸುತ್ತೇನೆ. ಲ್ಯಾಕರ್ ಪೂರ್ತಿ ಹೋಗದೆ ಯಾವ ಪಾಲಿಶ್ ಪೇಸ್ಟೂ ಲೋಹವನ್ನು ಮುಟ್ಟುವುದಿಲ್ಲ. ಗೀರುಗಳು ಆಳವಾಗಿದ್ದರೆ 400ನೇ ನಂಬರಿನ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಉಪ್ಪುಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು), ಇಲ್ಲದಿದ್ದರೆ 800ರಿಂದ ಆರಂಭಿಸಿ 1000, 1500, 2000ರವರೆಗೆ ನೀರು ಹಾಕುತ್ತಾ ಉಜ್ಜಬೇಕು. ಪ್ರತಿ ನಂಬರಿಗೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ಬದಲಿಸಿದರೆ ಹಿಂದಿನ ಗೀರುಗಳು ಉಳಿದಿವೆಯೋ ಹೋಗಿವೆಯೋ ಎಂಬುದು ಕಣ್ಣಿಗೆ ಕಾಣುತ್ತದೆ. ಹಿಂದಿನ ಗೀರು ಪೂರ್ತಿ ಮಾಯವಾಗದೆ ಮುಂದಿನ ಪೇಪರ್ ಹಿಡಿಯಬಾರದು, ನೀರನ್ನೂ ಬದಲಿಸಬೇಕು, ಏಕೆಂದರೆ ಒರಟು ಪೇಪರಿನ ಒಂದೇ ಒಂದು ಕಣ ಮಾಡುವ ಗೀರಿಗಾಗಿ ಮತ್ತೆ ಮೂರು ಮೆಟ್ಟಿಲು ಹಿಂದಕ್ಕೆ ಇಳಿಯಬೇಕಾಗುತ್ತದೆ. ಅಕ್ಷರಗಳ ಸುತ್ತ ಬೆರಳಿನಲ್ಲೇ ಉಜ್ಜಿ. ಗ್ಯಾಸ್ಕೆಟ್ ಅಂಚಿನ ಹತ್ತಿರ ಪೇಪರ್ ಹೋಗುವುದೇ ಬೇಡ. ಆಮೇಲೆ ಹತ್ತಿಬಟ್ಟೆಯಲ್ಲಿ ಪಾಲಿಶ್ ಪೇಸ್ಟ್, ಕೊನೆಗೆ ತೆಳುವಾಗಿ ಕಾರ್ನೂಬಾ ಮೇಣ. ಇದು 85 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಮೇಣವಾದ್ದರಿಂದ ಬಿಸಿಯಾಗುವ ಭಾಗಗಳ ಮೇಲೆ ಬಹಳ ದಿನ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ನಾನು ಹದಿನೈದು ದಿನಕ್ಕೊಮ್ಮೆ ಮತ್ತೆ ಹಚ್ಚುತ್ತೇನೆ. ಗಾಲಿಯ ನಡುವಿನ ಅಲ್ಯೂಮಿನಿಯಮ್ ಹಬ್ ಪಾಲಿಶ್ ಮಾಡುವವರು ಪೇಸ್ಟಾಗಲಿ ಮೇಣವಾಗಲಿ ಬ್ರೇಕ್ ಡ್ರಮ್ಮಿನ ಒಳಕ್ಕೆ ಹೋಗದಂತೆ ನೋಡಿಕೊಳ್ಳಲೇಬೇಕು.

ಹಿತ್ತಾಳೆ ಪಾತ್ರೆಯಂತೆ ಇದಕ್ಕೂ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಎಂದು ಸಲಹೆ ಕೊಡುವವರಿದ್ದಾರೆ. ಉಪ್ಪಿನ ಕ್ಲೋರೈಡೇ ಅಲ್ಯೂಮಿನಿಯಮ್‌ನಲ್ಲಿ ಗುಳಿ ಬೀಳಿಸುವ ಮುಖ್ಯ ಶತ್ರು. ಕಡಲ ಬದಿಯ ರಸ್ತೆಯಲ್ಲಿ ಓಡಿಸಿ ಬಂದ ದಿನ, ಎಂಜಿನ್ ತಣಿದ ಮೇಲೆ, ಸಿಹಿನೀರಿನಿಂದ ತೊಳೆದು ಒಣಬಟ್ಟೆಯಲ್ಲಿ ಒರೆಸುವುದು ಯಾವ ಡಬ್ಬಿಯ ಔಷಧಕ್ಕಿಂತಲೂ ಹೆಚ್ಚು ಕಾಪಾಡುತ್ತದೆ.

ಅಂಗಡಿಗೆ ಕೊಡಲೇಬೇಕಾದ ಸಂದರ್ಭ ಬಂದರೆ ಮೂರು ಮಾತು ಕೇಳಿ ಖಚಿತಪಡಿಸಿಕೊಳ್ಳಿ: ಕಾಸ್ಟಿಕ್‌ಗೆ ಅದ್ದುವುದಿಲ್ಲ ತಾನೇ, ಅಲ್ಯೂಮಿನಿಯಮ್‌ಗೆಂದೇ ಬೇರೆ ಬಟ್ಟೆಚಕ್ರ ಇದೆಯೇ, ಗ್ಯಾಸ್ಕೆಟ್ ಅಂಚನ್ನು ಹೇಗೆ ಕಾಯುತ್ತೀರಿ. ಸಾಧ್ಯವಿದ್ದರೆ ಒಳಗೆ ಎಣ್ಣೆ ಇರದ ಬದಿಯ ಕವರನ್ನು ಮೊದಲು ಕೊಟ್ಟು ನೋಡಿ. ನಾನು ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಎರಡು ಸಲ ಹೋಗಿಬಂದೆ. ಸಿಕ್ಕಿದ ಒಂದೇ ಕವರಿನಲ್ಲಿ ಬಿರುಕಿತ್ತು, ಹಾಗಾಗಿ ಸವೆದ ಕವರಿಗೇ ಸೀಲೆಂಟ್ ಹಚ್ಚಿ, ಕೆಳಗೆ ತಟ್ಟೆಯಿಟ್ಟು ಗಾಡಿ ನಿಲ್ಲಿಸುತ್ತಿದ್ದೇನೆ.