ಹಾಡಿಗೆ ಹತ್ತು ರೂಪಾಯಿ ಅನ್ನುವ ವಿದೇಶಿ ಸೈಟಿಗೆ ಕಾರ್ಡ್ ನಂಬರ್ ಕೊಡುವ ಮುಂಚೆ

ಇಂಗ್ಲಿಷ್ ಹಾಡುಗಳನ್ನು ಹತ್ತು ಹನ್ನೆರಡು ಸೆಂಟಿಗೆ ಒಂದರಂತೆ ಮಾರುವ ವಿದೇಶಿ ಸೈಟುಗಳು ಈಗಲೂ ಇವೆ. ಒಂದು ಮಸಾಲೆ ದೋಸೆಯ ದುಡ್ಡಿಗೆ ಇಡೀ ಆಲ್ಬಂ. ನನ್ನ ದುಡ್ಡು ಸಿಕ್ಕಿಕೊಂಡ ಸೈಟಿನ ಹೆಸರು ಹೇಳುವುದಿಲ್ಲ. ಹೇಳಿದರೂ ಉಪಯೋಗವಿಲ್ಲ, ಇಂಥವು ಇವತ್ತೊಂದು ಹೆಸರಲ್ಲಿ ಇದ್ದರೆ ನಾಳೆ ಇನ್ನೊಂದರಲ್ಲಿ ಇರುತ್ತವೆ.

ನೋಡೋಕೆ ಎಲ್ಲ ಸರಿಯಾಗೇ ಇತ್ತು. ಆಲ್ಬಂ ಚಿತ್ರಗಳು, ಕಾರ್ಟ್, ಕೊಂಡದ್ದಕ್ಕೆ ಮೇಲ್‌ನಲ್ಲಿ ರಸೀದಿ. ಪುಟದ ಕೆಳಗೆ ‘ನಮ್ಮ ದೇಶದ ಕಾನೂನಿನ ಪ್ರಕಾರ ಲೈಸೆನ್ಸ್ ಪಡೆದಿದ್ದೇವೆ’ ಅನ್ನುವ ಅರ್ಥದ ಒಂದು ಸಾಲು. ಅದರ ಪಕ್ಕದಲ್ಲೇ ಇನ್ನೊಂದು: ನಿಮ್ಮ ದೇಶದ ಕಾನೂನು ಒಪ್ಪದಿದ್ದರೆ ಡೌನ್‌ಲೋಡ್ ಮಾಡಬೇಡಿ, ಮಾಡಿದರೆ ಜವಾಬ್ದಾರಿ ನಿಮ್ಮದು. ನ್ಯಾಯವಾಗಿ ಮಾರುವ ಅಂಗಡಿಯವನಿಗೆ ಈ ಮಾತು ಯಾಕೆ ಬೇಕು, ಹೇಳಿ?

ಅಲ್ಲಿ ಒಂದೇ ಒಂದು ಹಾಡು ಕೊಳ್ಳೋಕೆ ಆಗುವುದಿಲ್ಲ. ಮೊದಲು ಖಾತೆಗೆ ಡಾಲರ್ ತುಂಬಬೇಕು. ಜಾಸ್ತಿ ತುಂಬಿದಷ್ಟೂ ಜಾಸ್ತಿ ಬೋನಸ್. ಹಾಡು ಅಗ್ಗ ಆಗಿದ್ದರಿಂದ ಆ ಬ್ಯಾಲೆನ್ಸ್ ಬೇಗ ಕರಗುವುದೂ ಇಲ್ಲ. ಅದನ್ನು ವಾಪಸ್ ಕೊಡುವುದಿಲ್ಲ ಅಂತ ಷರತ್ತಿನಲ್ಲೇ ಬರೆದಿರುತ್ತಾರೆ.

ಇಳಿಸಿಕೊಂಡ ಫೈಲುಗಳಲ್ಲೇ ಗುಟ್ಟು ಇತ್ತು. ಒಂದು ಜಾಝ್ ಆಲ್ಬಂನ ಫೈಲ್ ತೆರೆದು ಹಾಡಿನ ವಿವರ ನೋಡಿದೆ. ಕಾಮೆಂಟ್ ಜಾಗದಲ್ಲಿ ಯಾರದೋ ಅಡ್ಡಹೆಸರು, ಯಾವ ಸಾಫ್ಟ್‌ವೇರ್‌ನಿಂದ ಸಿಡಿ ನಕಲು ಮಾಡಿದ್ದು ಅನ್ನುವ ವಿವರ ಹಾಗೇ ಉಳಿದಿತ್ತು. ಮೂರನೇ ಹಾಡಿನ ನಡುವೆ ಸಿಡಿ ಗೀರಿದಾಗ ಬರುವ ಟಿಕ್ ಟಿಕ್ ಸದ್ದು ಬೇರೆ. ರೆಕಾರ್ಡ್ ಕಂಪನಿ ಕೊಟ್ಟ ಫೈಲ್ ಹೀಗಿರುವುದಿಲ್ಲ. ಯಾರೋ ಮನೆಯಲ್ಲಿ ಕೂತು ನಕಲು ಮಾಡಿ ಪುಕ್ಕಟೆ ಹಂಚಿದ್ದನ್ನು ಇವರು ದುಡ್ಡಿಗೆ ಮಾರುತ್ತಿದ್ದರು.

ಆಮೇಲೆ ಒಂದು ದಿನ ಲಾಗಿನ್ ಆಗಲಿಲ್ಲ. ‘ದುರಸ್ತಿ ನಡೆಯುತ್ತಿದೆ’ ಅಂತ ಬೋರ್ಡು. ಸ್ವಲ್ಪ ದಿನಕ್ಕೆ ಬೋರ್ಡೂ ಇಲ್ಲ, ಸೈಟೂ ಇಲ್ಲ. ಮೇಲ್ ಬರೆದರೆ ವಿಳಾಸವೇ ಇಲ್ಲ ಅಂತ ವಾಪಸ್ ಬಂತು. ಕಾರ್ಡ್ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ದುಡ್ಡು ತೆಗೆದುಕೊಂಡವರ ಜಾಗದಲ್ಲಿ ಸೈಟಿನ ಹೆಸರೇ ಇಲ್ಲ. ಸಂಬಂಧವೇ ಇಲ್ಲದ ಯಾವುದೋ ಟ್ರೇಡಿಂಗ್ ಕಂಪನಿ, ಅದೂ ಬೇರೆ ದೇಶದ್ದು. ಮೇಲೆ ವಿದೇಶಿ ವಹಿವಾಟಿಗೆ ಬ್ಯಾಂಕು ಹಾಕುವ ಶುಲ್ಕ, ಅಂದರೆ ಫಾರೆಕ್ಸ್ ಮಾರ್ಕಪ್, ಆ ಮಾರ್ಕಪ್ ಮೇಲೆ ಜಿಎಸ್‌ಟಿ.

ಇಷ್ಟಕ್ಕೇ ಮುಗಿದಿದ್ದರೆ ಹಾಳಾಗಿ ಹೋಗಲಿ ಅಂತ ಬಿಡಬಹುದಿತ್ತು. ಅದೇ ಕಾರ್ಡಿನಿಂದ ಒಂದು ಸಣ್ಣ ಮೊತ್ತ ಹೋಯಿತು, ನಾನು ಕೇಳಿಯೇ ಇಲ್ಲದ ವಿದೇಶಿ ಹೆಸರಿಗೆ. ಓಟಿಪಿ ಬರಲೇ ಇಲ್ಲ. ಹೊರದೇಶದ ಮಾರಾಟಗಾರ ಓಟಿಪಿ ಕೇಳದೆಯೇ ನಮ್ಮ ಕ್ರೆಡಿಟ್ ಕಾರ್ಡಿನಿಂದ ದುಡ್ಡು ಎಳೆಯಬಹುದು ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕಾರ್ಡ್ ಬ್ಲಾಕ್ ಮಾಡಿಸಿ ದೂರು ಕೊಟ್ಟೆ. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ನಮ್ಮ ತಪ್ಪಿಲ್ಲದೆ ಮೂರನೆಯವರಿಂದ ಆದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮ ತಲೆಗೆ ಬರುವುದಿಲ್ಲ. ಆ ಸಣ್ಣ ಮೊತ್ತ ವಾಪಸ್ ಬಂತು. ಖಾತೆಗೆ ತುಂಬಿದ್ದು ಬರಲಿಲ್ಲ. ‘ಅದನ್ನು ನೀವೇ ಒಪ್ಪಿ ಕೊಟ್ಟಿದ್ದೀರಲ್ಲ ಸರ್’ ಅಂದರು ಬ್ಯಾಂಕಿನವರು.

ಇಂಥ ಸೈಟು ಕಾನೂನುಬದ್ಧವೋ ಅಲ್ಲವೋ ಅನ್ನುವ ಜಗಳ ಇಂದಿನದಲ್ಲ. 2003ರಲ್ಲಿ ಸ್ಪೇನಿನಿಂದ ಪ್ಯೂರ್‌ಟ್ಯೂನ್ಸ್ ಅಂತ ಒಂದು ಶುರುವಾಯಿತು. ಹಾಡಿನ ಹಕ್ಕುದಾರರ ಪರವಾಗಿ ಲೈಸೆನ್ಸ್ ಕೊಡುವ ಅಲ್ಲಿನ ಸಂಘಗಳಿಂದ ಒಪ್ಪಿಗೆ ಇದೆ ಅಂದಿತು. ಕೆಲವೇ ವಾರಗಳಲ್ಲಿ ಬಾಗಿಲು ಹಾಕಿತು. ಎಲ್ಲಕ್ಕಿಂತ ದೊಡ್ಡ ಕಥೆ ರಷ್ಯಾದ ಆಲ್‌ಆಫ್‌ಎಂಪಿ3ಯದು. ಆ್ಯಪಲ್‌ನ ಐಟ್ಯೂನ್ಸ್‌ನಲ್ಲಿ ಒಂದು ಹಾಡು 99 ಸೆಂಟ್ ಇದ್ದ ಕಾಲದಲ್ಲಿ ಅದು ಹಾಡನ್ನು ಎಂಬಿ ಲೆಕ್ಕದಲ್ಲಿ ಮಾರುತ್ತಿತ್ತು. ಎಂಬಿಗೆ ಎರಡು ಮೂರು ಸೆಂಟ್! ರೋಮ್ಸ್ ಅನ್ನುವ ರಷ್ಯನ್ ಸಂಘಕ್ಕೆ ರಾಯಲ್ಟಿ ಕಟ್ಟುತ್ತೇವೆ, ಆದ್ದರಿಂದ ಎಲ್ಲ ಸರಿ ಅನ್ನುವುದು ಅದರ ವಾದ. ನಾವು ಆ ಸಂಘಕ್ಕೆ ಒಪ್ಪಿಗೆ ಕೊಟ್ಟೇ ಇಲ್ಲ, ಅವರ ದುಡ್ಡು ನಮಗೆ ಬೇಡ ಅನ್ನುವುದು ರೆಕಾರ್ಡ್ ಕಂಪನಿಗಳ ವಾದ.

2006ರಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಆ ಸೈಟಿನ ಪಾವತಿ ನಡೆಸುವುದನ್ನು ಕೈಬಿಟ್ಟವು. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಲು ಹೊರಟ ರಷ್ಯಾಕ್ಕೆ ಅಮೆರಿಕ ಈ ಸೈಟನ್ನೇ ತೋರಿಸಿ ಗದರಿಸಿತು. ಆ ಡಿಸೆಂಬರ್‌ನಲ್ಲಿ ಕಂಪನಿಗಳು ನ್ಯೂಯಾರ್ಕಿನಲ್ಲಿ ದಾವೆ ಹೂಡಿದವು. ಹಾಡಿಗೆ ಒಂದೂವರೆ ಲಕ್ಷ ಡಾಲರ್ ದಂಡದಂತೆ ಲೆಕ್ಕ ಹಾಕಿದರೆ 1.65 ಲಕ್ಷ ಕೋಟಿ ಡಾಲರ್ ಆಗುತ್ತಿತ್ತು. 2007ರ ಬೇಸಿಗೆಯಲ್ಲಿ ಸೈಟು ಮುಚ್ಚಿತು. ತಮಾಷೆ ಏನು ಗೊತ್ತಾ, ಅದೇ ಆಗಸ್ಟ್‌ನಲ್ಲಿ ಮಾಸ್ಕೋದ ನ್ಯಾಯಾಲಯ ಅದರ ಮಾಜಿ ಮುಖ್ಯಸ್ಥ ಡೆನಿಸ್ ಕ್ವಾಸೊವ್ ಅವರನ್ನು ಖುಲಾಸೆ ಮಾಡಿತು. ‘ನೋಡಿ, ಕೋರ್ಟೇ ಸರಿ ಅಂದಿದೆ’ ಅಂತ ಇವತ್ತಿಗೂ ವಾದಿಸುವವರು ಹಿಡಿದುಕೊಳ್ಳುವುದು ಇದನ್ನೇ. ಆದರೆ ಅದು ರಷ್ಯಾದಲ್ಲಿ ಒಬ್ಬ ಮಾರಾಟಗಾರನ ಮೇಲಿದ್ದ ಅಪರಾಧ ಸಾಬೀತಾಗಲಿಲ್ಲ ಅನ್ನುವ ತೀರ್ಪು. ಬೇರೆ ದೇಶದಲ್ಲಿ ಕೊಳ್ಳುವವರಿಗೆ ಕೊಟ್ಟ ಪರವಾನಗಿ ಅಲ್ಲ.

ನಮ್ಮಲ್ಲಿ ಒಂದು ಹಾಡಿನ ಮೇಲೆ ಎರಡು ಬಗೆಯ ಹಕ್ಕು ಇರುತ್ತದೆ. ಬರೆದವರು, ರಾಗ ಹಾಕಿದವರದ್ದು ಒಂದು; ಧ್ವನಿಮುದ್ರಣದ್ದು ಇನ್ನೊಂದು. ಹೋಟೆಲ್, ಕಲ್ಯಾಣ ಮಂಟಪ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ಬರೆದವರು, ರಾಗ ಹಾಕಿದವರ ಪರವಾಗಿ ದುಡ್ಡು ಕೇಳಲು ಐಪಿಆರ್‌ಎಸ್ ಬೇರೆ ಬರುತ್ತದೆ, ಧ್ವನಿಮುದ್ರಣದ ಪರವಾಗಿ ಪಿಪಿಎಲ್ ಬೇರೆ ಬರುತ್ತದೆ. ಒಂದರ ರಸೀದಿ ತೋರಿಸಿದರೆ ಇನ್ನೊಂದು ಸುಮ್ಮನಾಗುವುದಿಲ್ಲ. ಈ ಅಗ್ಗದ ಸೈಟುಗಳು ತೋರಿಸುವ ‘ಲೈಸೆನ್ಸ್’ ನಿಜವೇ ಇದ್ದರೂ ಯಾವುದರದ್ದು, ಯಾವ ದೇಶಕ್ಕೆ ಅನ್ನುವುದು ಮೊದಲ ಪ್ರಶ್ನೆ. ಭಾರತದಲ್ಲಿ ಮಾರುವ ಹಕ್ಕನ್ನು ಅಲ್ಲಿನ ಸಂಘ ಹೇಗೆ ಕೊಡುತ್ತದೆ?

1957ರ ಕಾಪಿರೈಟ್ ಕಾಯ್ದೆಯ 51ನೇ ಸೆಕ್ಷನ್‌ನಲ್ಲಿ, ಸ್ವಂತಕ್ಕೆ ಒಂದು ಪ್ರತಿ ಹೊರಗಿನಿಂದ ತರಿಸಿಕೊಳ್ಳಲು ರಿಯಾಯಿತಿ ಇದೆ. ಅದನ್ನೇ ಹಿಡಿದು ‘ಡೌನ್‌ಲೋಡೂ ಹಾಗೇ’ ಅನ್ನುವವರಿದ್ದಾರೆ. ನನಗೆ ಒಪ್ಪಿಗೆ ಆಗುವುದಿಲ್ಲ. ಡೌನ್‌ಲೋಡ್ ಅಂದರೆ ನಮ್ಮ ಯಂತ್ರದಲ್ಲಿ ಹೊಸ ಪ್ರತಿ ಹುಟ್ಟುವುದು. 2012ರ ತಿದ್ದುಪಡಿ ಆದಮೇಲೆ ಧ್ವನಿಮುದ್ರಣವನ್ನು ಇಲೆಕ್ಟ್ರಾನಿಕ್ ಆಗಿ ಕೂಡಿಡುವುದೂ ಹಕ್ಕುದಾರರ ಹಕ್ಕಿನಲ್ಲೇ ಸೇರಿದೆ. ಹಾಗಂತ ನಾಲ್ಕು ಹಾಡಿಗೆ ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ ಅಂತ ಹೆದರಿಸುತ್ತಿಲ್ಲ. ಬರುವುದಿಲ್ಲ. ಆದರೆ ದುಡ್ಡು ಕೊಟ್ಟ ಮಾತ್ರಕ್ಕೆ ಮಾಲು ಕದ್ದದ್ದಲ್ಲ ಅಂತ ಆಗುವುದಿಲ್ಲ ಅಲ್ವಾ? ಪುಕ್ಕಟೆ ಇಳಿಸಿಕೊಂಡರೂ ಹಾಡಿದವರಿಗೆ ಬಿಡಿಗಾಸಿಲ್ಲ, ಇಲ್ಲಿ ಕೊಂಡರೂ ಇಲ್ಲ. ಇಲ್ಲಿ ನಡುವಿನವನ ಜೇಬು ತುಂಬುತ್ತದೆ, ಅಷ್ಟೇ ವ್ಯತ್ಯಾಸ.

ಫೈಲೇ ಬೇಕು, ಸ್ಟ್ರೀಮಿಂಗ್ ಬೇಡ ಅನ್ನುವವರು ಮೊದಲು ಕಲಾವಿದರ ಸ್ವಂತ ಸೈಟಿಗೆ ಹೋಗಿ ಅವರು ಯಾವ ಅಂಗಡಿಗೆ ಲಿಂಕ್ ಕೊಟ್ಟಿದ್ದಾರೆ ನೋಡಿ. ಬಹಳ ಜನ, ಕಲಾವಿದರೇ ತಮ್ಮ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಅನ್ನುವ ಸೈಟಿನಲ್ಲಿದ್ದಾರೆ. ಅಲ್ಲಿ ಮುಂಗಡ ತುಂಬುವ ತಾಪತ್ರಯವಿಲ್ಲ, ಧ್ವನಿಯ ಗುಣಮಟ್ಟ ಕಳೆಯದ ಫ್ಲ್ಯಾಕ್ ಫೈಲ್ ಕೂಡ ಸಿಗುತ್ತದೆ, ದುಡ್ಡಿನ ದೊಡ್ಡ ಪಾಲು ಹಾಡಿದವರಿಗೇ ಹೋಗುತ್ತದೆ.

ಇಂಥ ಸೈಟಿಗೆ ಈಗಾಗಲೇ ಕಾರ್ಡ್ ಕೊಟ್ಟಿದ್ದರೆ ಬ್ಯಾಂಕಿನ ಆ್ಯಪ್‌ಗೆ ಹೋಗಿ ಅಂತರರಾಷ್ಟ್ರೀಯ ವಹಿವಾಟನ್ನು ಆಫ್ ಮಾಡಿ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ನಾವೇ ಯಾವಾಗಲೋ ಆನ್ ಮಾಡಿ ಮರೆತಿರುತ್ತೇವೆ. ಸಾಧ್ಯವಾದರೆ ಕಾರ್ಡ್ ನಂಬರನ್ನೇ ಬದಲಾಯಿಸಿ. ಜೊತೆಗೆ ಬ್ಯಾಲೆನ್ಸ್ ಪುಟ, ಷರತ್ತುಗಳು, ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ಬ್ಯಾಂಕಿನ ದೂರಿನ ಫಾರಂನಲ್ಲಿ ಮೊದಲು ಕೇಳಿದ್ದು ಅದನ್ನೇ, ಅಷ್ಟು ಹೊತ್ತಿಗೆ ಸೈಟು ಮಾಯವಾಗಿತ್ತು.