ಆರ್‌ಎಸ್ ಬ್ರೇಕ್ ಎಂದು ಹೇಳಿ ನನ್ನ ಹಳೆಯ ಕ್ಯಾಲಿಪರ್‌ಗೇ ಕೆಂಪು ಬಣ್ಣ ಬಳಿದು ಕೊಟ್ಟರು: ದಾವಣಗೆರೆ ಕಡೆಯ ಕಾರು ಮಾಲೀಕರ ಗಮನಕ್ಕೆ

ಸ್ಕೋಡಾ ಲಾರಾ ಅಥವಾ ಆಕ್ಟೇವಿಯಾ ಇಟ್ಟುಕೊಂಡಿರುವ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನಿಮ್ಮ ಗಾಡಿಗೆ ಆರ್‌ಎಸ್ ಮಾದರಿಯ (ಸ್ಕೋಡಾದ ಹೆಚ್ಚು ಶಕ್ತಿಯ, ವೇಗದ ಗಾಡಿ) ದೊಡ್ಡ ಬ್ರೇಕ್ ಹಾಕಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಂದು ರೂಪಾಯಿಯನ್ನೂ ಮುಂಗಡವಾಗಿ ಕೊಡಬೇಡಿ. ನನ್ನಿಂದ ಮೂವತ್ತೆಂಟು ಸಾವಿರ ರೂಪಾಯಿ ತೆಗೆದುಕೊಂಡು, ನನ್ನದೇ ಹಳೆಯ ಕ್ಯಾಲಿಪರ್‌ಗಳಿಗೆ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ) ಕೆಂಪು ಬಣ್ಣ ಬಳಿದು, ಯಾವುದೋ ಗಾಡಿಯಿಂದ ಬಿಚ್ಚಿದ ಸವೆದ ಡಿಸ್ಕ್‌ಗಳನ್ನು (ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ) ಲೇತಿಗೆ ಕೊಟ್ಟು ಹೊಳಪು ಮಾಡಿಸಿ ಕೂರಿಸಿ ಕಳುಹಿಸಿದ್ದಾರೆ. ಹೆಂಡತಿಯನ್ನೂ ಮಗಳನ್ನೂ ಕೂರಿಸಿಕೊಂಡು, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು, ಅದೇ ಬ್ರೇಕಿನ ಮೇಲೆ ನಾನು ಆಗುಂಬೆ ಘಾಟಿ ಇಳಿದಿದ್ದೇನೆ. ಅದನ್ನು ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತವೆ.

ಗ್ಯಾರೇಜಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಗ್ರಾಹಕರ ಆಯೋಗಕ್ಕೆ ದೂರು ಸಿದ್ಧವಾಗುತ್ತಿರುವುದರಿಂದ ಹೆಸರು ಹಾಕಬೇಡಿ ಎಂದು ವಕೀಲರು ಹೇಳಿದ್ದಾರೆ.

ನನ್ನದು 2009ರ ಲಾರಾ, 1.9 ಟಿಡಿಐ. ಹೊರದೇಶಗಳಲ್ಲಿ ಎರಡನೆಯ ತಲೆಮಾರಿನ ಆಕ್ಟೇವಿಯಾ ಎಂದು ಮಾರಿದ ಗಾಡಿಯೇ ನಮ್ಮಲ್ಲಿ ಲಾರಾ ಎಂದು ಬಂದದ್ದು. ಅದರ ಮುಂದಿನ ಡಿಸ್ಕ್ 280 ಮಿಲಿಮೀಟರ್ ಅಗಲ, 22 ಮಿಲಿಮೀಟರ್ ದಪ್ಪ. ಅದೇ ತಲೆಮಾರಿನ ಹೊರದೇಶದ ಆರ್‌ಎಸ್ ಗಾಡಿಗೆ 312 ಅಗಲ, 25 ದಪ್ಪದ ಡಿಸ್ಕ್ ಇರುತ್ತದೆ. ಮಗಳು ಮಣಿಪಾಲದಲ್ಲಿ ಓದುತ್ತಿರುವುದರಿಂದ ನಾವು ಶಿವಮೊಗ್ಗ, ತೀರ್ಥಹಳ್ಳಿಯ ಮೇಲೆ ಹೋಗಿ ಆಗುಂಬೆಯಲ್ಲಿ ಇಳಿಯುತ್ತೇವೆ. ಹದಿನಾಲ್ಕು ತಿರುವುಗಳಿರುವ ಆ ಇಳಿಜಾರಿನಲ್ಲಿ ತುಂಬಿದ ಗಾಡಿಯನ್ನು ಹಿಡಿದು ಇಳಿಸುವಾಗ ಕೊನೆಯ ತಿರುವುಗಳ ಹೊತ್ತಿಗೆ ಪ್ಯಾಡ್ ಸುಟ್ಟ ವಾಸನೆ ಬರುತ್ತಿತ್ತು, ಪೆಡಲ್ ಮೆತ್ತಗಾಗುತ್ತಿತ್ತು. ಡಿಸ್ಕ್ ದೊಡ್ಡದಾದರೆ ಹೆಚ್ಚು ಶಾಖವನ್ನು ತಡೆದುಕೊಳ್ಳುತ್ತದೆ ಎಂಬುದು ಸುಳ್ಳಲ್ಲ. ಸರಿಯಾದ ಭಾಗಗಳನ್ನು ಸರಿಯಾಗಿ ಕೂರಿಸಿದರೆ ಇದು ಒಳ್ಳೆಯ ಕೆಲಸವೇ, ಹಲವರು ಮಾಡಿಸಿಕೊಂಡಿದ್ದಾರೆ. ನನ್ನ ದೂರು ಆ ಕೆಲಸದ ಮೇಲಲ್ಲ, ಅದರ ಹೆಸರು ಹೇಳಿ ಮಾಡಿದ ಮೋಸದ ಮೇಲೆ.

ಗ್ಯಾರೇಜಿನವರು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳುಹಿಸಿದರು. ದೊಡ್ಡ ಡಿಸ್ಕ್, ಕೆಂಪು ಕ್ಯಾಲಿಪರ್, ಬ್ರಾಕೆಟ್, ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟ ಫೋಟೋ. "ಒರಿಜಿನಲ್ ಆರ್‌ಎಸ್ ಸೆಟ್ ಸರ್, ಆಕ್ಸಿಡೆಂಟ್ ಗಾಡಿಯಿಂದ ಬಂದೈತೆ, 312 ಎಂಎಂ, ಇಂಥದ್ದು ಮತ್ತೆ ಸಿಗಲ್ಲ" ಎಂಬ ಮಾತು ಬರವಣಿಗೆಯಲ್ಲೇ ಇದೆ, ಈಗಲೂ ನನ್ನ ಫೋನಿನಲ್ಲಿದೆ. ಬಿಲ್ ಕೇಳಿದ್ದಕ್ಕೆ, ಹಳೆ ಗಾಡಿಯ ಮಾಲಿಗೆ ಬಿಲ್ ಹೇಗೆ ಕೊಡುವುದು, ಕೊಟ್ಟರೆ ಜಿಎಸ್‌ಟಿ ಬೇರೆ ಬೀಳುತ್ತದೆ ಎಂದರು. ಅರ್ಧ ಹಣ ಫೋನ್‌ಪೇಯಲ್ಲಿ ಹೋಯಿತು, ಉಳಿದದ್ದನ್ನು ನಗದಾಗಿಯೇ ಬೇಕೆಂದು ಕೇಳಿ ಪಡೆದರು. ಗಾಡಿಯನ್ನು ಬೆಳಿಗ್ಗೆ ಬಿಟ್ಟು ಸಂಜೆ ಬನ್ನಿ, ಜಾಗ ಇಕ್ಕಟ್ಟು, ಗಿರಾಕಿಗಳು ಒಳಗೆ ನಿಂತರೆ ಹುಡುಗರಿಗೆ ಕೆಲಸವಾಗುವುದಿಲ್ಲ ಎಂದು ಹೇಳಿ ಕಳುಹಿಸಿದರು. ಸಂಜೆ ಹೋದಾಗ ಅಲಾಯ್ ಚಕ್ರದ ಕಡ್ಡಿಗಳ ನಡುವೆ ಕೆಂಪು ಕ್ಯಾಲಿಪರ್ ಎದ್ದು ಕಾಣುತ್ತಿತ್ತು, ಅದರ ಮೇಲೆ ಆರ್‌ಎಸ್ ಎಂಬ ಸ್ಟಿಕ್ಕರ್ ಇತ್ತು. ಹಳೆಯ ಭಾಗಗಳನ್ನು ಡಿಕ್ಕಿಯಲ್ಲಿ ಇಡಿ ಎಂದು ಕೇಳಿದರೆ, "ಅಯ್ಯೋ ಸರ್, ಗುಜರಿಯವನು ಮಧ್ಯಾಹ್ನಾನೇ ಬಂದು ಎತ್ಕೊಂಡು ಹೋದ" ಎಂಬ ಉತ್ತರ ಬಂತು.

ಹೊರಡುವಾಗ ಮಾಲೀಕರು ತಾವಾಗಿಯೇ ಒಂದು ಮಾತು ಹೇಳಿದರು. ಅದನ್ನು ಎಲ್ಲರೂ ಗಮನಿಸಬೇಕು. "ಇನ್ಮೇಲೆ ನಿಮ್ಮ 15 ಇಂಚಿನ ಸ್ಟೆಪ್ನಿ ಮುಂದೆ ಕೂರೋದಿಲ್ಲ ಸರ್, ದೊಡ್ಡ ಡಿಸ್ಕ್ ಅಲ್ವಾ, ಕ್ಯಾಲಿಪರ್‌ಗೆ ತಾಗ್ತೈತೆ. ಮುಂದಿನ ಟೈರ್ ಪಂಕ್ಚರ್ ಆದ್ರೆ ಹಿಂದಿನ ಚಕ್ರ ಮುಂದಕ್ಕೆ ಹಾಕಿ, ಸ್ಟೆಪ್ನಿ ಹಿಂದಕ್ಕೆ ಹಾಕ್ರಿ." ಈ ಮಾತು ನೂರಕ್ಕೆ ನೂರು ನಿಜ. 312ರ ಡಿಸ್ಕ್ ಇರುವ ಗಾಡಿಗೆ ಕನಿಷ್ಠ 16 ಇಂಚಿನ ಚಕ್ರ ಬೇಕು. ಇಷ್ಟು ತಿಳಿದ ಮನುಷ್ಯ, ತಾನು ಏನು ಮಾಡುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಿದ್ದ ಮನುಷ್ಯ, ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ಆ ಮಾತು ಹೇಳಿದ.

ಮೊದಮೊದಲು ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಹೊಸ ಬ್ರೇಕ್ ಆಯಿಲ್ ಹಾಕಿ ಗಾಳಿ ತೆಗೆದು, ಹೊಸ ಪ್ಯಾಡ್ ಹಾಕಿದರೆ ಯಾವ ಗಾಡಿಯ ಪೆಡಲ್ ಆದರೂ ಗಟ್ಟಿಯಾಗುತ್ತದೆ. ಇವರು ನಂಬಿಕೊಂಡಿರುವುದು ಅದನ್ನೇ. ಆಗುಂಬೆಯಲ್ಲಿ ಅರ್ಧ ಇಳಿಯುವಷ್ಟರಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ಕೈಯಲ್ಲಿ ನಡುಗತೊಡಗಿತು. ಎರಡನೆಯ ಗೇರಿಗೆ ಇಳಿಸಿ, ಎಂಜಿನ್ ಹಿಡಿತದ ಮೇಲೆ ನಿಧಾನವಾಗಿ ಸೋಮೇಶ್ವರ ತಲುಪಿದೆ. ಫೋನ್ ಮಾಡಿದರೆ, "ಹೊಸ ಪ್ಯಾಡ್ ಸರ್, ಕೂರೋವರೆಗೂ ಹಂಗೇ, ಓಡಿಸ್ರಿ ಸರಿ ಹೋಗ್ತೈತೆ" ಎಂದರು. ಓಡಿಸ್ರಿ ಎಂದರು! ಎಂಥ ಡಿಸ್ಕ್ ಹಾಕಿದ್ದೇನೆ ಎಂದು ಗೊತ್ತಿದ್ದೂ ಓಡಿಸ್ರಿ ಎಂದರು.

ಬಣ್ಣ ಬಯಲಾದದ್ದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ. ಚಿತ್ರದುರ್ಗದಲ್ಲಿ ಒಂದು ಮದುವೆ ಮುಗಿಸಿಕೊಂಡು ಹಿಂದಿರುಗುತ್ತಿದ್ದಾಗ ಭರಮಸಾಗರ ದಾಟಿದ ಮೇಲೆ ಮುಂದಿನ ಎಡ ಟೈರ್ ಪಂಕ್ಚರ್ ಆಯಿತು. ಜೊತೆಯಲ್ಲಿ ನನ್ನ ಹೆಂಡತಿಯ ಅಣ್ಣ ಇದ್ದರು. ಹೊಸ ಬ್ರೇಕಿನ ವಿಷಯವನ್ನು ದಾರಿಯುದ್ದಕ್ಕೂ ಅವರಿಗೆ ಹೇಳಿಕೊಂಡು ಬಂದಿದ್ದೆ. ಸ್ಟೆಪ್ನಿ ತೆಗೆಯುತ್ತಿದ್ದವರಿಗೆ, "ಭಾವ, ಅದು ಮುಂದೆ ಕೂರುವುದಿಲ್ಲ, ಮೊದಲು ಹಿಂದಿನ ಚಕ್ರ ಬಿಚ್ಚೋಣ, ಡಿಸ್ಕ್ ದೊಡ್ಡದು" ಎಂದೆ. ಅವರು, ಒಮ್ಮೆ ಇಟ್ಟು ನೋಡುವುದಕ್ಕೇನು ಎಂದು ಆ ಕಬ್ಬಿಣದ ಚಕ್ರವನ್ನು ಎತ್ತಿ ಹಬ್ಬಿಗೆ ಇಟ್ಟರು. ಕೂತಿತು. ಒಂದು ಬೋಲ್ಟ್ ಹಾಕಿ ಕೈಯಿಂದ ತಿರುಗಿಸಿದರು. ಎಲ್ಲಿಯೂ ತಾಗದೆ ಸರಾಗವಾಗಿ ತಿರುಗಿತು. ರಿಮ್ಮಿನ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಕ್ಯಾಲಿಪರ್‌ಗೂ ರಿಮ್ಮಿಗೂ ನಡುವೆ ಬೆರಳು ಆಡುವಷ್ಟು ಜಾಗವಿತ್ತು. ಭಾವ ಏನೂ ಹೇಳಲಿಲ್ಲ, ಉಳಿದ ಬೋಲ್ಟ್‌ಗಳನ್ನು ಹಾಕಿ ಬಿಗಿ ಮಾಡಿದರು. ಲಾರಿಗಳು ಹಾದುಹೋಗುವ ರಸ್ತೆಯ ಬದಿಯಲ್ಲಿ ಟಾರ್ಚ್ ಹಿಡಿದು ನಿಂತ ನನಗೆ ಆದ ನಾಚಿಕೆಯನ್ನು ಬರೆದು ತಿಳಿಸಲಾರೆ.

ಮರುದಿನ ಬೆಳಿಗ್ಗೆಯೇ ಪರಿಚಯದ ಲೇತ್ ಅಂಗಡಿಗೆ ಗಾಡಿ ಒಯ್ದು ಎರಡೂ ಮುಂದಿನ ಚಕ್ರ ಬಿಚ್ಚಿಸಿದೆ. ಟೇಪ್ ಹಿಡಿದರೆ ಡಿಸ್ಕ್ 280. ಡಿಸ್ಕಿನ ಮೇಲೆ ಕೊರೆದಿದ್ದ ಕನಿಷ್ಠ ದಪ್ಪ 19 ಮಿಲಿಮೀಟರ್. 312ರ ಡಿಸ್ಕ್ ಆಗಿದ್ದರೆ ಅಲ್ಲಿ 22 ಎಂದು ಇರಬೇಕಿತ್ತು. ವರ್ನಿಯರ್ ಇಟ್ಟು ಅಳೆದಾಗ ಎಡಗಡೆಯದು 18.4, ಬಲಗಡೆಯದು 18.6. ಮೇಲ್ಮೈಯಲ್ಲಿ ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಲೇತಿನ ಉಳಿಯ ಗುರುತು ಇನ್ನೂ ಅಂಚಿನಲ್ಲಿ ಉಳಿದಿತ್ತು. ಡಿಸ್ಕನ್ನು ಲೇತಿನಲ್ಲಿ ಹೊಡೆಸುವುದೇ ತಪ್ಪೆಂದು ನಾನು ಹೇಳುವುದಿಲ್ಲ, ದಪ್ಪ ಉಳಿದಿದ್ದರೆ ಹೊಡೆಸಬಹುದು. ಆದರೆ ಕಂಪನಿ ಕೊರೆದು ಕೊಟ್ಟ ಮಿತಿಗಿಂತ ಕೆಳಗೆ ಹೋದ ಡಿಸ್ಕ್ ಬೇಗ ಕಾಯುತ್ತದೆ, ಸೊಟ್ಟಗಾಗುತ್ತದೆ, ಬಿರುಕು ಬಿಡಬಹುದು. ಪ್ಯಾಡ್ ಸವೆದಂತೆಲ್ಲ ಕ್ಯಾಲಿಪರ್ ಒಳಗಿನ ಪಿಸ್ಟನ್ ಇರಬೇಕಾದ್ದಕ್ಕಿಂತ ಹೊರಗೆ ಬರುತ್ತದೆ. ಹಿಂದಿನ ಸರ್ವಿಸ್‌ನಲ್ಲಿ ಅಳೆದಾಗ ನನ್ನ ಹಳೆಯ ಡಿಸ್ಕ್‌ಗಳು 21 ಇದ್ದವು. ಗಟ್ಟಿಯಿದ್ದದ್ದನ್ನು ತೆಗೆದು ಸತ್ತದ್ದನ್ನು ಹಾಕಿದ್ದಾರೆ, ಅದಕ್ಕೆ ನನ್ನಿಂದಲೇ ಹಣ ಪಡೆದಿದ್ದಾರೆ.

ಇನ್ನು ಕ್ಯಾಲಿಪರ್. ನನ್ನ ಎಡಗಡೆಯ ಕ್ಯಾಲಿಪರ್‌ನಲ್ಲಿ ಗಾಳಿ ತೆಗೆಯುವ ನಿಪ್ಪಲ್‌ನ ಮೂಲೆಗಳು ಸವೆದು ದುಂಡಗಾಗಿದ್ದವು. ಹಿಂದೆ ಯಾರೋ ತಪ್ಪು ಸ್ಪ್ಯಾನರ್ ಹಾಕಿ ಕೆಡಿಸಿದ್ದು ಅದು, ಮುಂದಿನ ಸಲ ಬದಲಾಯಿಸಿ ಎಂದು ಸರ್ವಿಸ್‌ನವರು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಲೇತ್ ಅಂಗಡಿಯ ಹಿರಿಯರು ಬಟ್ಟೆಗೆ ಥಿನ್ನರ್ ಹಾಕಿ ಆ ಜಾಗವನ್ನು ಉಜ್ಜಿದರು. ಕೆಂಪು ಬಣ್ಣ ಬಟ್ಟೆಗೆ ಬಂತು. ಅಡಿಯಲ್ಲಿ ಅದೇ ದುಂಡಗಾದ ನಿಪ್ಪಲ್ ಇತ್ತು. ಬ್ರಾಕೆಟ್ಟೂ ನನ್ನದೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 280ರಿಂದ 312ಕ್ಕೆ ಹೋದರೆ ಡಿಸ್ಕಿನ ಅಂಚು ನಡುವಿನಿಂದ 16 ಮಿಲಿಮೀಟರ್ ಹೊರಗೆ ಸರಿಯುತ್ತದೆ, ಆದ್ದರಿಂದ ಕ್ಯಾಲಿಪರ್ ಕೂಡ ಅಷ್ಟೇ ಹೊರಗೆ ಕೂರಬೇಕು, ಅದನ್ನು ಹಾಗೆ ಕೂರಿಸುವುದೇ ಬ್ರಾಕೆಟ್. ದೊಡ್ಡ ಬ್ರಾಕೆಟ್ ಇಲ್ಲದೆ ದೊಡ್ಡ ಡಿಸ್ಕ್ ಒಳಗೆ ಹೋಗುವುದೇ ಇಲ್ಲ. 25 ದಪ್ಪದ ಡಿಸ್ಕಿಗೆ ಹೊಂದುವ ಕ್ಯಾಲಿಪರ್ ಕೂಡ ಬೇಕು. ಫೋಟೋದಲ್ಲಿ ಮೇಜಿನ ಮೇಲಿದ್ದ ಆ ಸೆಟ್ ಎಲ್ಲಿಯದೋ, ಯಾರದೋ, ನನ್ನ ಗಾಡಿಯ ಹತ್ತಿರಕ್ಕೂ ಅದು ಬಂದಿಲ್ಲ.

ಆಮೇಲೆ ಅವರು ಕೊಟ್ಟ ಉತ್ತರಗಳನ್ನು ಕೇಳಿ. ಮೊದಲ ಸಲ, "ಸ್ಟೆಪ್ನಿ ಕೂತೈತೆ ಅಂದ್ರೆ ಒಳ್ಳೇದೇ ಅಲ್ವಾ ಸರ್, ಕೆಲವು ರಿಮ್ಮಿನಾಗೆ ಜಾಗ ಇರ್ತೈತೆ" ಎಂದರು. ಅಳತೆಯ ಫೋಟೋ ಕಳುಹಿಸಿದ ಮೇಲೆ, "ಇಂಡಿಯಾ ಆರ್‌ಎಸ್ ಬೇರೆ, ಫಾರಿನ್ ಆರ್‌ಎಸ್ ಬೇರೆ ಸರ್, ನಿಮಗೆ ಗೊತ್ತಾಗಲ್ಲ" ಎಂದರು. ಹಾಗಾದರೆ ನೀವೇ 312 ಎಂದು ಬರೆದು ಕಳುಹಿಸಿದ್ದು ಏನು ಎಂದು ಕೇಳಿದೆ. ಅದಕ್ಕೆ ಉತ್ತರವಿಲ್ಲ, ಎರಡು ನೀಲಿ ಗೆರೆ ಮಾತ್ರ. ನಿಪ್ಪಲ್‌ನ ಫೋಟೋ ಹೋದ ಮೇಲೆ, ಹುಡುಗರು ಅದಲು ಬದಲು ಮಾಡಿರಬಹುದು, ಗಾಡಿ ತಂದು ಬಿಡಿ ನೋಡೋಣ ಎಂದರು. ಗಾಡಿ ಬಿಡುವುದಿಲ್ಲ, ಹಣ ವಾಪಸ್ ಕೊಡಿ ಎಂದಾಗ ಧಾಟಿಯೇ ಬದಲಾಯಿತು. "ಬ್ರೇಕ್ ಹಿಡಿತೈತೋ ಇಲ್ವೋ ಅಷ್ಟು ಹೇಳ್ರಿ. ಹಿಡಿತೈತೆ ಅಂದ್ಮೇಲೆ ಯಾವ ಗಾಡಿದಾದ್ರೆ ನಿಮಗೇನು?" ಇಷ್ಟು ದಿನ ಸರ್ ಸರ್ ಎಂದ ಬಾಯಿಯಿಂದ ಬಂದ ಮಾತಿದು. ಯಾವ ಗಾಡಿಯದಾದರೆ ನನಗೇನಂತೆ! ನನ್ನ ಮಗಳು ಕೂತಿದ್ದ ಗಾಡಿ ಅದು. ಕೊನೆಗೆ ಅಂಗಡಿಗೇ ಹೋಗಿ ನಿಂತಾಗ, ನಾಲ್ಕು ಜನರ ಮುಂದೆ, "ಬಿಲ್ ಎಲ್ಲೈತೆ, ಬಿಲ್ ತೋರಿಸ್ರಿ" ಎಂದರು. ಬಿಲ್ ಕೊಡದೆ ಕಳುಹಿಸಿದವರೇ ಬಿಲ್ ಕೇಳಿದರು.

ಇನ್ನೊಂದು ವಿಷಯವನ್ನೂ ಅವರು ಮುಚ್ಚಿಟ್ಟಿದ್ದರು. ಆರ್‌ಟಿಒದವರು ಬ್ರೇಕ್ ಎಲ್ಲ ನೋಡುವುದಿಲ್ಲ, ಚಿಂತೆ ಬೇಡ ಎಂದಿದ್ದರು. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮಿನ ಪ್ರಕಾರ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆ ಅದೇ ಆಗಬಹುದು. ಹಣ ಪಡೆಯುವವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಮಾಡಿಸಲೇಬೇಕೆಂದಿರುವವರು ಕಾಗದಪತ್ರದ ವಿಷಯ ಬಗೆಹರಿಸಿಕೊಂಡು, ಬರುವ ಭಾಗಗಳನ್ನು ನಿಮ್ಮ ಟೇಪಿನಿಂದ ನೀವೇ ಅಳೆಯಿರಿ, ಡಿಸ್ಕಿನ ಮೇಲೆ ಕೊರೆದ ಅಂಕಿಯ ಫೋಟೋ ತೆಗೆಯಿರಿ. ನಿಮ್ಮ ಹಳೆಯ ಕ್ಯಾಲಿಪರ್ ಮೇಲೆ ಪಂಚ್‌ನಿಂದ ಒಂದು ಗುರುತು ಹೊಡೆದಿಡಿ. ಗಾಡಿಯ ಪಕ್ಕದಲ್ಲೇ ನಿಲ್ಲಿ, ಇಕ್ಕಟ್ಟು ಎಂದರೆ ಗಾಡಿ ತಿರುಗಿಸಿಕೊಂಡು ಬನ್ನಿ. ಹಳೆಯ ಭಾಗಗಳು ಡಿಕ್ಕಿಗೆ ಬೀಳದೆ ಬಾಕಿ ಹಣ ಕೊಡಬೇಡಿ. ಘಾಟಿಗಾಗಿಯೇ ಆದರೆ, ಒಳ್ಳೆಯ ಕಂಪನಿಯ ಪ್ಯಾಡ್, ಹೊಸ ಡಾಟ್ 4 ಬ್ರೇಕ್ ಆಯಿಲ್, ಇಳಿಯುವಾಗ ಸಣ್ಣ ಗೇರ್, ಇಷ್ಟರಲ್ಲೇ ಬಹುಪಾಲು ಕೆಲಸವಾಗುತ್ತದೆ. ನಾನೀಗ ಬಿಲ್ ಸಮೇತ ಹೊಸ 280ರ ಡಿಸ್ಕ್, ಪ್ಯಾಡ್ ತರಿಸಿ ಹಾಕಿಸಿದ್ದೇನೆ, ನಿಪ್ಪಲ್ ಕೂಡ ಬದಲಾಯಿಸಿದ್ದೇನೆ. ಸ್ಟೀರಿಂಗ್ ನಡುಕ ಹೋಗಿದೆ.

ಸವೆದ ಆ ಎರಡು ಡಿಸ್ಕ್‌ಗಳನ್ನು ಸಾಕ್ಷಿಗಾಗಿ ಮನೆಯಲ್ಲಿ ಇಟ್ಟಿದ್ದೇನೆ. ಬಿಲ್ ಇಲ್ಲದಿದ್ದರೂ ಫೋನ್‌ಪೇ ದಾಖಲೆ, ವಾಟ್ಸ್‌ಆ್ಯಪ್ ಸಂದೇಶ, ಲೇತ್ ಅಂಗಡಿಯವರ ಅಳತೆಯ ಚೀಟಿ ಇವೆ, ದೂರು ಕೊಡಲು ಅಡ್ಡಿಯಿಲ್ಲ ಎಂದು ವಕೀಲರು ಹೇಳಿದ್ದಾರೆ. ಈ ಮೊತ್ತಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ, ಎರಡು ವರ್ಷದ ಒಳಗೆ ಸಲ್ಲಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದೇ ಬಗೆಯ ನಷ್ಟವಾದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಲು ಅವಕಾಶವಿದೆ. ಆದ್ದರಿಂದ ಈ ಊರಿನಲ್ಲಿ ಕೆಂಪು ಕ್ಯಾಲಿಪರ್ ಹಾಕಿಸಿಕೊಂಡವರು ಯಾರೇ ಇದ್ದರೂ ಮುಂದಿನ ಘಾಟಿ ಪ್ರಯಾಣಕ್ಕೆ ಮೊದಲು ಮುಂದಿನ ಒಂದು ಚಕ್ರ ಬಿಚ್ಚಿ ಡಿಸ್ಕಿನ ಮೇಲಿನ ಅಂಕಿ ಓದಿ. 312 ಎಂದು ಹಣ ಕೊಟ್ಟ ಡಿಸ್ಕಿನ ಮೇಲೆ 19 ಎಂದು ಕೊರೆದಿದ್ದರೆ ಅದರ ಫೋಟೋ ತೆಗೆದು ನನಗೆ ಕಳುಹಿಸಿ, ದೂರಿನಲ್ಲಿ ನಿಮ್ಮ ಹೆಸರನ್ನೂ ಸೇರಿಸೋಣ.